ಕಲಬುರಗಿ ಬಿಸಿಲಿಗೆ ಹಾರ್ಡ್‌ನೆಕ್ ಬೆಳ್ಳುಳ್ಳಿ: ಫ್ರಿಜ್‌ನಲ್ಲಿಟ್ಟು ನೆಟ್ಟರೆ ಗಡ್ಡೆ ಕಟ್ಟುತ್ತದಾ?

ಮಾಳಿಗೆ ತೋಟ, ಕಲಬುರಗಿ
ಶರಣು ಎಲ್ಲರಿಗೂ. ನನ್ನ ತಮ್ಮ ಹಿಮಾಚಲದ ಕುಲ್ಲು ಕಡೆಯಿಂದ ಒಂದಷ್ಟು ಬೆಳ್ಳುಳ್ಳಿ ತಂದುಕೊಟ್ಟಿದ್ದಾನೆ. ದಪ್ಪ ದಪ್ಪ ಎಸಳು, ಸಿಪ್ಪೆ ಸಲೀಸಾಗಿ ಬಿಡುತ್ತದೆ, ಗಡ್ಡೆಯ ನಟ್ಟನಡುವೆ ಗಟ್ಟಿ ಕಡ್ಡಿ ಇದೆ. ಇದಕ್ಕೆ ಹಾರ್ಡ್‌ನೆಕ್ ಅಂತಾರಂತೆ. ಶೇಂಗಾ ಹಿಂಡಿಗೆ ಹಾಕಿ ಕುಟ್ಟಿದೆವು, ಘಾಟು ಚೆನ್ನಾಗಿದೆ. ಅರ್ಧ ಅಡುಗೆಗೆ ಬಳಸಿ ಉಳಿದದ್ದನ್ನು ಬೀಜಕ್ಕೆ ಇಟ್ಟಿದ್ದೇನೆ.

ಗಣೇಶ ಹಬ್ಬ ಮುಗಿಯಿತು, ಈಗಲೇ ತಯಾರಿ ಶುರು ಮಾಡಬೇಕು. ಈ ಜಾತಿಗೆ ಚಳಿ ಬೇಕು ಅಂತಾರೆ. ನಮ್ಮ ಊರಲ್ಲಿ ಡಿಸೆಂಬರ್ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು. ಫ್ರಿಜ್‌ನಲ್ಲಿ ಎರಡು ತಿಂಗಳು ಇಟ್ಟು ನೆಡಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ, ಆದರೆ ಅವರ್ಯಾರೂ ನಮ್ಮ ಬಿಸಿಲು ಕಂಡವರಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾರಾದರೂ ಬೆಳೆದು ನೋಡಿದ್ದೀರಾ? ಹಿತ್ತಿಲಲ್ಲಿ ಎರೆ ಮಣ್ಣಿದೆ, ಮಾಳಿಗೆ ಮೇಲೆ ಗ್ರೋ ಬ್ಯಾಗ್ ಇವೆ.

ಜೋಳದ ರೊಟ್ಟಿ
ಧೈರ್ಯವಾಗಿ ಹಾಕಿ. ನಮ್ಮ ಎರೆ ಭೂಮಿಯಲ್ಲಿ ಬೆಳೆಯದ್ದು ಏನಿದೆ?

ಆಳಂದ ರೈತ
ತೊಗರಿ, ಜೋಳ, ಕಡಲೆ ಮಾತು ಬೇರೆ, ಬೆಳ್ಳುಳ್ಳಿ ಮಾತು ಬೇರೆ. ಬರೀ ಎರೆಯಲ್ಲಿ ಹಾಕಬೇಡಿ. ಹಸಿ ಇದ್ದಾಗ ಅಂಟು, ಒಣಗಿದರೆ ಬೆರಳು ತೂರುವಷ್ಟು ಬಿರುಕು. ಬೆಳ್ಳುಳ್ಳಿ ಬೇರು ಆಳಕ್ಕೆ ಹೋಗುವುದಿಲ್ಲ, ಮಣ್ಣು ಬಿರಿದರೆ ಬೇರು ಹರಿದುಹೋಗುತ್ತದೆ. ನೀರು ನಿಂತರೆ ಬುಡ ಕೊಳೆಯುತ್ತದೆ. ನೆಲದಿಂದ ಮುಕ್ಕಾಲು ಅಡಿ ಎತ್ತರದ ಮಡಿ ಮಾಡಿ. ಎರೆಯ ಜೊತೆ ಮಸಾರಿ (ಕೆಂಪು) ಮಣ್ಣು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಕಲಸಿ. ಹಸಿ ಸಗಣಿ ಬೇಡ.

ಬೀದರ್ ಕೆಮ್ಮಣ್ಣು
ಬೀದರ್‌ನಲ್ಲಿ ಆಗುತ್ತದೆ ಅಂತ ನನ್ನ ಅಭಿಪ್ರಾಯ. ನಮ್ಮ ಊರು ಕಲಬುರಗಿಗಿಂತ 200 ಮೀಟರ್‌ಗೂ ಜಾಸ್ತಿ ಎತ್ತರದಲ್ಲಿದೆ. ಕೆಲವು ವರ್ಷ ಡಿಸೆಂಬರ್, ಜನವರಿಯಲ್ಲಿ ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಕೆಂಪು ಜಂಬಿಟ್ಟಿಗೆ ಮಣ್ಣು, ನೀರು ನಿಲ್ಲುವುದಿಲ್ಲ. ಫ್ರಿಜ್‌ನಲ್ಲಿಟ್ಟು ನೆಟ್ಟರೆ ಅರ್ಧ ಕೆಲಸ ಮುಗಿದಂತೆ, ಉಳಿದರ್ಧ ನಮ್ಮ ಚಳಿ ನೋಡಿಕೊಳ್ಳುತ್ತದೆ.

ಶಹಾಪುರ ಮಾಸ್ತರ
ಬೀದರ್‌ನವರ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದರ್ಧದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ವಿಡಿಯೋಗಳಲ್ಲಿ ಬಿಟ್ಟುಹೋಗುವುದೇ ಇದು.

ಹಾರ್ಡ್‌ನೆಕ್ ಗಡ್ಡೆ ಕಟ್ಟಲು ಎರಡು ಸೂಚನೆ ಬೇಕು. ಮೊದಲನೆಯದು ಚಳಿ. ಸುಮಾರು 5ರಿಂದ 10 ಡಿಗ್ರಿಯಲ್ಲಿ 6ರಿಂದ 8 ವಾರ ಕಳೆದರೆ ಎಸಳಿನೊಳಗಿನ ಮೊಳಕೆಗೆ "ಚಳಿಗಾಲ ಬಂದುಹೋಯಿತು" ಅಂತ ಗೊತ್ತಾಗುತ್ತದೆ. ಆಮೇಲೆಯೇ ಅದು ಹೂದಂಟು ಬಿಡಲು, ಎಸಳಾಗಿ ಒಡೆಯಲು ಸಿದ್ಧವಾಗುವುದು. ಇದಕ್ಕೆ ವರ್ನಲೈಸೇಶನ್ ಅಂತಾರೆ. ಫ್ರಿಜ್ ಮಾಡುವುದು ಇಷ್ಟೇ ಕೆಲಸ.

ಎರಡನೆಯದು ಹಗಲಿನ ಉದ್ದ. ಶ್ರೀನಗರದಲ್ಲಿ ಜೂನ್ ಹಗಲು 14 ಗಂಟೆಗೂ ಜಾಸ್ತಿ. ಕುಲ್ಲುವಿನಲ್ಲೂ ಅಷ್ಟೇ ಆಸುಪಾಸು. ಅಲ್ಲಿ ಬೆಳ್ಳುಳ್ಳಿ ಹಿಗ್ಗುವುದು ಹಗಲು ಉದ್ದವಾಗುತ್ತಾ ಬಂದ ಹಾಗೆ, ಅದೂ ತಂಪು ಇರುವಾಗಲೇ. ಕಲಬುರಗಿಯಲ್ಲಿ ಡಿಸೆಂಬರ್ ಹಗಲು 11 ಗಂಟೆ, ಮಾರ್ಚ್ ಕೊನೆಗೆ 12 ಗಂಟೆ. ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಚಿಲ್ಲರೆ, ಅದು ಬರುವುದು ಜೂನ್‌ನಲ್ಲಿ. ಅಷ್ಟರಲ್ಲಿ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟಿ ಎಲೆಯನ್ನೆಲ್ಲ ಸುಟ್ಟಿರುತ್ತದೆ. ಹಗಲು ಉದ್ದವಾಗುವ ಹೊತ್ತಿಗೆ ಗಿಡವೇ ಇರುವುದಿಲ್ಲ. ನಮ್ಮ ನಿಜವಾದ ತೊಂದರೆ ಇರುವುದು ಇಲ್ಲಿ.

ಬೀದರ್ ಕೆಮ್ಮಣ್ಣು
ಮಾಸ್ತರೇ, ಚೆನ್ನಾಗಿ ತಣ್ಣಗಾದ ಎಸಳಿಗೆ ಅಷ್ಟು ಉದ್ದದ ಹಗಲು ಬೇಕಾಗುವುದಿಲ್ಲ. ತಂಪಿನಲ್ಲಿಟ್ಟ ಬೀಜ ಬೇಗ ಗಡ್ಡೆ ಕಟ್ಟುತ್ತದೆ, ಕಡಿಮೆ ಹಗಲಿನಲ್ಲೂ ಕಟ್ಟುತ್ತದೆ. ಇದು ಹಳೆಯ ಸಂಶೋಧನೆಗಳಲ್ಲೇ ಬಂದಿರುವ ಮಾತು.

ಶಹಾಪುರ ಮಾಸ್ತರ
ಒಪ್ಪಿದೆ, ಆ ಮಾತು ಸರಿ. ಆದರೆ ಬೇಗ ಕಟ್ಟಿದ ಗಡ್ಡೆ ಚಿಕ್ಕದಾಗಿರುತ್ತದೆ. ಗಡ್ಡೆ ಹಿಗ್ಗಲು ಶುರುವಾದಾಗ ಗಿಡದಲ್ಲಿ ಎಷ್ಟು ಎಲೆ ಇತ್ತೋ ಅದರ ಮೇಲೆ ಗಾತ್ರ ನಿಂತಿದೆ. ನಾಲ್ಕೈದು ಎಲೆಗೇ ಗಡ್ಡೆ ಶುರುವಾದರೆ ಕೈಗೆ ಬರುವುದು ಗೋಲಿ ಗಾತ್ರದ್ದು. ಅದಕ್ಕೇ ತುಂಬಾ ದಿನ ಫ್ರಿಜ್‌ನಲ್ಲಿಟ್ಟರೂ ನಷ್ಟವೇ.

ಚಿಂಚೋಳಿ ಹಿತ್ತಿಲು
ನಾನು ಬೆಳೆದಿದ್ದೇನೆ, ಕಂಡದ್ದನ್ನು ಹೇಳುತ್ತೇನೆ. ಉತ್ತರಾಖಂಡದ ಬೀಜ. ಫ್ರಿಜ್‌ನ ತರಕಾರಿ ಟ್ರೇಯಲ್ಲಿಟ್ಟು ನವೆಂಬರ್ ನಡುವೆ ನೆಟ್ಟಿದ್ದೆ. ಹುಟ್ಟುವಳಿ ಭರ್ಜರಿ. ಜನವರಿಯಲ್ಲಿ ಎಲೆ ಅಗಲವಾಗಿ, ನೀಲಿ ಹೊಳಪಿನ ಹಸಿರು, ನೋಡಿದವರೆಲ್ಲ ಏನು ಹಾಕಿದ್ದೀರಿ ಅಂತ ಕೇಳುತ್ತಿದ್ದರು. ಫೆಬ್ರುವರಿ ಕೊನೆಗೆ ಬಿಸಿಲು ಏರಿತು, ಎಲೆ ತುದಿ ಹಳದಿ ಆಯಿತು. ಹೂದಂಟು ಬರಲೇ ಇಲ್ಲ. ಮಾರ್ಚ್ ಕೊನೆಗೆ ಕಿತ್ತೆ.

ಹೆಚ್ಚಿನವು ಒಂಟಿ ಗಡ್ಡೆ. ದುಂಡಗೆ, ಬಿಳಿ, ಮೈಮೇಲೆ ಎಸಳಿನ ಗೆರೆಯೇ ಇಲ್ಲ. ಅಡ್ಡ ಕೊಯ್ದರೆ ಒಳಗೆಲ್ಲ ಒಂದೇ ತಿರುಳು, ನಡುವೆ ಸಣ್ಣ ಹಸಿರು ಮೊಳಕೆ. ಮರದ ನೆರಳು ಬೀಳುತ್ತಿದ್ದ ಮೂಲೆಯಲ್ಲಿ ಮಾತ್ರ ಕೆಲವು ಗಡ್ಡೆ ಮೂರು ನಾಲ್ಕು ಎಸಳಾಗಿ ಒಡೆದಿದ್ದವು, ಅವಕ್ಕೂ ನಡುವೆ ಕಡ್ಡಿ ಇರಲಿಲ್ಲ. ರುಚಿ ಮಾತ್ರ ಚೆನ್ನಾಗಿತ್ತು. ಒಂಟಿ ಗಡ್ಡೆ ಸುಲಿಯುವುದೂ ಸುಲಭ. ನಮ್ಮತ್ತೆ ಅದನ್ನೇ ಇಷ್ಟಪಟ್ಟು ಒಗ್ಗರಣೆಗೆ ಬಳಸಿದರು.

ಹೊಸ ಕೈ, ಯಾದಗಿರಿ
ಅಕ್ಕಾ, ಆ ಒಂಟಿ ಗಡ್ಡೆಯನ್ನೇ ತಾನೇ "ಕಾಶ್ಮೀರಿ ಔಷಧಿ ಬೆಳ್ಳುಳ್ಳಿ" ಅಂತ ದುಬಾರಿಗೆ ಮಾರುವುದು?

ಚಿಂಚೋಳಿ ಹಿತ್ತಿಲು
ಅಂಗಡಿಯಲ್ಲಿ ಸಿಗುವುದರ ಮೂಲ ಏನೋ, ಅದರ ಬಗ್ಗೆ ನಾನು ಹೇಳುವುದಿಲ್ಲ. ನಮ್ಮ ಹಿತ್ತಿಲಲ್ಲಿ ಬಂದದ್ದು ಮಾಮೂಲಿ ಬೆಳ್ಳುಳ್ಳಿಯೇ. ಚಳಿ, ಹಗಲು ಸಾಲದೆ ಒಡೆಯದೆ ಉಳಿದದ್ದು. ಮುಂದಿನ ಹಂಗಾಮಿಗೆ ಅದನ್ನೇ ಬೀಜ ಮಾಡಿ ನೆಟ್ಟರೆ ಗಿಡ ಮೊದಲಿಗಿಂತ ಜೋರಾಗಿ ಬರುತ್ತದೆ, ಯಾಕೆಂದರೆ ಎಸಳಿಗಿಂತ ಅದರಲ್ಲಿ ಜಾಸ್ತಿ ಸತ್ವ ಇರುತ್ತದೆ.

ಜೋಳದ ರೊಟ್ಟಿ
ನನ್ನ ಹತ್ತಿರ ನೇರಳೆ ಸಿಪ್ಪೆಯ ಬೆಳ್ಳುಳ್ಳಿ ಇದೆ, ಕಣ್ಣಿ ಮಾರ್ಕೆಟ್‌ನಲ್ಲಿ ತಂದದ್ದು. ಅದೂ ಹಾರ್ಡ್‌ನೆಕ್ ತಾನೇ?

ಆಳಂದ ರೈತ
ಬಣ್ಣ ನೋಡಿ ಹೇಳಲು ಬರುವುದಿಲ್ಲ. ಭೀಮಾ ಪರ್ಪಲ್ ಅಂತ ತಳಿ ಇದೆ, ಪುಣೆ ಹತ್ತಿರದ ರಾಜಗುರುನಗರದ ಈರುಳ್ಳಿ ಬೆಳ್ಳುಳ್ಳಿ ಸಂಶೋಧನಾ ನಿರ್ದೇಶನಾಲಯದ್ದು. ಸಿಪ್ಪೆ ನೇರಳೆ, ಆದರೆ ಅದು ಮೆತ್ತನೆ ಕತ್ತಿನದು. ಗಡ್ಡೆಯನ್ನು ನಡುವೆ ಅಡ್ಡ ಕೊಯ್ದು ನೋಡಿ. ನಡುವೆ ಕಟ್ಟಿಗೆಯಂಥ ಕಡ್ಡಿ, ಅದರ ಸುತ್ತ ಒಂದೇ ಸುತ್ತು ದಪ್ಪ ಎಸಳು ಇದ್ದರೆ ಹಾರ್ಡ್‌ನೆಕ್. ಕಡ್ಡಿ ಇಲ್ಲದೆ ಹೊರಗೆ ದೊಡ್ಡ ಎಸಳು, ಒಳಗೆ ಸಣ್ಣ ಸಣ್ಣ ಎಸಳು ಪದರಪದರವಾಗಿದ್ದರೆ ಸಾಫ್ಟ್‌ನೆಕ್. ಮಾರ್ಕೆಟ್‌ನಲ್ಲಿ ಬರುವುದು ಬಹುಪಾಲು ಎರಡನೆಯದೇ.

ಸುರಪುರ ಅಕ್ಕ
ಬೀಜದ ವಿಷಯ ಬಂತಲ್ಲ, ಒಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ "ದೈತ್ಯ ಹಾರ್ಡ್‌ನೆಕ್ ಬೆಳ್ಳುಳ್ಳಿ ಬೀಜ" ಅಂತ ಒಂದು ಪ್ಯಾಕೆಟ್ ತರಿಸಿದೆ. ಒಳಗೆ ಈರುಳ್ಳಿ ಬೀಜದ ಹಾಗೆ ಕಪ್ಪು ಕಾಳು. ಬಿತ್ತಿದ್ದಕ್ಕೆ ಬಂದದ್ದು ಉಳ್ಳಾಗಡ್ಡಿ ಸಸಿ. ದುಡ್ಡು ವಾಪಸ್ ಕೇಳಿದರೆ ಉತ್ತರವೇ ಇಲ್ಲ. ಬೆಳ್ಳುಳ್ಳಿಯನ್ನು ಯಾರೂ ಕಾಳು ಬಿತ್ತಿ ಬೆಳೆಯುವುದಿಲ್ಲ, ಎಸಳೇ ಬೀಜ. ಪ್ಯಾಕೆಟ್‌ನಲ್ಲಿ ಕಪ್ಪು ಕಾಳು ಕಂಡರೆ ಮೋಸ ಅಂತಲೇ ತಿಳಿಯಿರಿ. ಇಂಥವರ ಮೇಲೆ ಕ್ರಮ ಆಗಬೇಕು.

ಹೊಸ ಕೈ, ಯಾದಗಿರಿ
ಹೂದಂಟಿನ ತುದಿಯಲ್ಲಿ ಸಣ್ಣ ಬೀಜ ಬರುತ್ತದೆ ಅಂತ ಓದಿದ್ದೆನಲ್ಲ?

ಶಹಾಪುರ ಮಾಸ್ತರ
ಅವು ಬೀಜ ಅಲ್ಲ, ಪುಟ್ಟ ಗಡ್ಡೆಗಳು. ಬಲ್ಬಿಲ್ ಅಂತಾರೆ. ನೆಟ್ಟರೆ ಮೊದಲ ವರ್ಷ ಒಂಟಿ ಗಡ್ಡೆ, ಪೂರ್ತಿ ಎಸಳಿನ ಗಡ್ಡೆಗೆ ಎರಡು ಮೂರು ವರ್ಷ. ಮಣ್ಣಿನ ರೋಗ ಅಂಟಿರುವುದಿಲ್ಲ ಅನ್ನುವುದು ಅದರ ಲಾಭ. ತಂಪು ದೇಶದಲ್ಲಿ ದಂಟು ಸುರುಳಿ ಸುತ್ತಿದ ಕೂಡಲೇ ಮುರಿದು ಪಲ್ಯ ಮಾಡುತ್ತಾರೆ, ಆಗ ಶಕ್ತಿಯೆಲ್ಲ ಗಡ್ಡೆಗೆ ಇಳಿಯುತ್ತದೆ. ನಮ್ಮಲ್ಲಿ ದಂಟು ಬಂದರೆ ಅದೇ ದೊಡ್ಡ ಸಂಗತಿ.

ಮಾಳಿಗೆ ತೋಟ, ಕಲಬುರಗಿ
ಇಷ್ಟು ವಿವರ ನಾನು ನಿರೀಕ್ಷಿಸಿರಲಿಲ್ಲ, ತುಂಬಾ ಉಪಕಾರ. ನನ್ನ ಅಕ್ಕನ ಮಗಳು ಅಮೆರಿಕದಲ್ಲಿದ್ದಾಳೆ. ಬಿಸಿ ಪ್ರದೇಶಕ್ಕೆ ಹೊಂದುವ ಹಾರ್ಡ್‌ನೆಕ್ ತಳಿ ಅಲ್ಲಿ ಇದೆಯಂತೆ. ಬರುವಾಗ ಬ್ಯಾಗಿನಲ್ಲಿ ನಾಲ್ಕು ಗಡ್ಡೆ ತರಲು ಹೇಳಲಾ?

ಬೀದರ್ ಕೆಮ್ಮಣ್ಣು
ಕ್ರಿಯೋಲ್ ಗುಂಪು ಇರಬೇಕು. ಅದು ಕಡಿಮೆ ಚಳಿಗೂ ಒಗ್ಗುತ್ತದೆ, ದಂಟು ಕೂಡ ಕೆಲವೊಮ್ಮೆ ಮಾತ್ರ ಬಿಡುತ್ತದೆ. ತಳಿ ಒಳ್ಳೆಯದೇ, ಆದರೆ ಹಾಗೆ ತರಿಸಬೇಡಿ.

ಆಳಂದ ರೈತ
ಖಂಡಿತ ಬೇಡ. ಹೊರದೇಶದಿಂದ ನೆಡುವ ವಸ್ತು ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಇದು ಸುಮ್ನೆ ಕಾಗದದ ಕಾಟ ಅಲ್ಲ. ಬೆಳ್ಳುಳ್ಳಿಗೆ ಬಿಳಿ ಕೊಳೆ ಅಂತ ಒಂದು ಬೂಜು ರೋಗ ಇದೆ, ಆ ಬೂಜಿನ ಕಾಳಿನಂಥ ಗಂಟು ಮಣ್ಣಿನಲ್ಲಿ 20 ವರ್ಷವಾದರೂ ಬದುಕಿರುತ್ತದೆ. ಉಳ್ಳಾಗಡ್ಡಿಗೂ ಬರುತ್ತದೆ. ಒಬ್ಬರ ಆಸೆಗೆ ಊರ ರೈತರ ಹೊಲ ಹಾಳಾಗಬಾರದು. ಚೀನಾ ಬೆಳ್ಳುಳ್ಳಿ ಆಮದಿಗೆ 2014ರಿಂದ ನಿಷೇಧ ಇದೆ, ಆದರೂ ಕಳ್ಳದಾರಿಯಲ್ಲಿ ಬರುತ್ತಲೇ ಇದೆ. ಅಂಥದ್ದನ್ನೂ ಬೀಜಕ್ಕೆ ಬಳಸಬೇಡಿ.

ಮಾಳಿಗೆ ತೋಟ, ಕಲಬುರಗಿ
ಸರಿ ಅಣ್ಣಾ, ಅರ್ಥವಾಯಿತು. ಅದನ್ನು ಬಿಟ್ಟೆ. ಕುಲ್ಲು ಬೀಜವನ್ನೇ ನೆಡುತ್ತೇನೆ. ಫ್ರಿಜ್‌ನಲ್ಲಿ ಇಡುವ ಕ್ರಮ ಹೇಳಿ.

ಚಿಂಚೋಳಿ ಹಿತ್ತಿಲು
ಗಡ್ಡೆ ಒಡೆಯದೆ ಇಡೀದಾಗಿಯೇ ಇಡಿ. ಕಾಗದದ ಚೀಲ ಸಾಕು. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟರೆ ಬೆವತು ಬೂಜು ಬರುತ್ತದೆ. ಕೆಳಗಿನ ತರಕಾರಿ ಟ್ರೇ ಒಳ್ಳೆಯದು, ಫ್ರೀಜರ್ ಮಾತ್ರ ಬೇಡ. ಚೀಲದ ಮೇಲೆ "ಬೀಜ" ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ, ಇಲ್ಲದಿದ್ದರೆ ಮನೆಯವರು ಒಗ್ಗರಣೆಗೆ ತೆಗೆಯುತ್ತಾರೆ. ಈಗ ಇಟ್ಟರೆ ಸ್ವಾತಿ ಮಳೆ ಕಳೆದ ಮೇಲೆ, ನವೆಂಬರ್ ನಡುವೆ ನೆಡಲು ಸರಿಹೋಗುತ್ತದೆ. ಹೊರಗೆ ತೆಗೆದ ದಿನ ಅಥವಾ ಮರುದಿನವೇ ನೆಡಿ. ತೆಗೆದು ವಾರಗಟ್ಟಲೆ ಬಿಸಿಯಲ್ಲಿ ಬಿಟ್ಟರೆ ಕೊಟ್ಟ ಚಳಿಯೆಲ್ಲ ವ್ಯರ್ಥ.

ನೆಡುವಾಗ ದೊಡ್ಡ ಎಸಳು ಆರಿಸಿ, ಸಣ್ಣವು ಅಡುಗೆಗೆ. ಚೂಪು ತುದಿ ಮೇಲೆ, ಬೇರಿನ ತಟ್ಟೆ ಕೆಳಗೆ. ಸುಮಾರು 5 ಸೆಂಟಿಮೀಟರ್ ಆಳ, ಎಸಳಿನಿಂದ ಎಸಳಿಗೆ 10, ಸಾಲಿನಿಂದ ಸಾಲಿಗೆ 15 ಸೆಂಟಿಮೀಟರ್. ಮೇಲೆ ತೊಗರಿ ಹೊಟ್ಟು ಹರಡಿ. ಎರೆ ಬಿರಿಯುವುದೂ ತಪ್ಪುತ್ತದೆ, ನೀರೂ ಉಳಿಯುತ್ತದೆ.

ಸುರಪುರ ಅಕ್ಕ
ಮಾಳಿಗೆ ಮೇಲೆ ಇಡುವುದಾದರೆ ಇನ್ನೊಂದು ಮಾತು. ನಮ್ಮ ಮನೆಗಳ ಮಾಳಿಗೆಗೆ ಶಹಾಬಾದ್ ಕಲ್ಲು. ಫೆಬ್ರುವರಿ ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಗ್ರೋ ಬ್ಯಾಗನ್ನು ಕಲ್ಲಿನ ಮೇಲೆ ನೇರವಾಗಿ ಇಟ್ಟರೆ ಬೇರು ಬೇಯುತ್ತದೆ. ಇಟ್ಟಿಗೆ ಇಟ್ಟು ಎತ್ತರಿಸಿ, ಕೆಳಗೆ ಗಾಳಿ ಆಡಲಿ. ಬ್ಯಾಗ್ ಒಂದು ಅಡಿ ಆಳ ಇರಲಿ. ಸಂಕ್ರಾಂತಿ ಕಳೆದ ಮೇಲೆ ಪಡುವಣ ಬಿಸಿಲಿಗೆ ಹಸಿರು ನೆರಳು ಬಲೆ ಕಟ್ಟಿ. ಆದರೆ ಬೆಳಗಿನ ಬಿಸಿಲು ಪೂರ್ತಿ ಬೇಕೇ ಬೇಕು.

ಬೀದರ್ ಕೆಮ್ಮಣ್ಣು
ಫೆಬ್ರುವರಿಯಲ್ಲಿ ಥ್ರಿಪ್ಸ್ ನುಸಿ ಬರುತ್ತದೆ, ಎಲೆ ಮೇಲೆ ಬೆಳ್ಳಿ ಬಣ್ಣದ ಗೀರು ಕಾಣುತ್ತದೆ. ಎಲೆ ಕಂಕುಳಲ್ಲಿ ಬಿಡಿಸಿ ನೋಡಿ, ಅಲ್ಲೇ ಅಡಗಿರುತ್ತದೆ. ಬೇವಿನ ಎಣ್ಣೆಗೆ ಸ್ವಲ್ಪ ಸೋಪಿನ ನೀರು ಕಲಸಿ ಸಂಜೆ ಸಿಂಪಡಿಸಿ. ನೇರಳೆ ಮಚ್ಚೆ ಬಂದ ಎಲೆ ಕಂಡರೆ ಕಿತ್ತು ದೂರ ಹಾಕಿ, ಎಲೆ ಮೇಲೆ ನೀರು ಬೀಳದ ಹಾಗೆ ಬುಡಕ್ಕೆ ಕೊಡಿ.

ಜೋಳದ ರೊಟ್ಟಿ
ಇಷ್ಟೆಲ್ಲ ಒದ್ದಾಟ ಯಾಕೆ? ಜವಾರಿ ಹಾಕಿದರೆ ಆಗದಾ?

ಆಳಂದ ರೈತ
ಮನೆ ಖರ್ಚಿಗೆ ಗಡ್ಡೆ ಬೇಕು ಅನ್ನುವವರಿಗೆ ನನ್ನ ಸಲಹೆಯೂ ಅದೇ. ಜವಾರಿ, ಇಲ್ಲವೇ ಭೀಮಾ ಪರ್ಪಲ್. ನಮ್ಮ ಹಗಲಿಗೆ, ನಮ್ಮ ಚಳಿಗೆ ಗಡ್ಡೆ ಕಟ್ಟುತ್ತವೆ. ನೆಟ್ಟ ನಾಲ್ಕು ನಾಲ್ಕೂವರೆ ತಿಂಗಳಿಗೆ ಕೀಳಬಹುದು. ಫ್ರಿಜ್ ಬೇಡ. ಬಾಳಿಕೆಯೂ ಜಾಸ್ತಿ. ಹಾರ್ಡ್‌ನೆಕ್ ಗಡ್ಡೆ ನಾಲ್ಕಾರು ತಿಂಗಳಿಗೆ ಮೊಳೆಯುತ್ತದೆ, ಸಾಫ್ಟ್‌ನೆಕ್ ಅದಕ್ಕಿಂತ ಹೆಚ್ಚು ದಿನ ತಡೆಯುತ್ತದೆ. 2024ರಲ್ಲಿ ಕಿಲೋ 400 ರೂಪಾಯಿ ದಾಟಿದಾಗ ನಮ್ಮ ಮನೆಯಲ್ಲಿ ಅಟ್ಟದ ಮೇಲೆ ತೂಗುಹಾಕಿದ್ದ ಜವಾರಿ ಗೊಂಚಲೇ ಕೈ ಹಿಡಿಯಿತು. ಬೀಜ ಬೇಕಾದರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಬೀದರ್‌ನವರಿಗೆ ತೋಟಗಾರಿಕೆ ಕಾಲೇಜೇ ಇದೆ.

ಬೀದರ್ ಕೆಮ್ಮಣ್ಣು
ಎಲ್ಲರೂ ಬೆಳೆಯುವುದನ್ನೇ ಬೆಳೆದರೆ ಹೊಸದು ಗೊತ್ತಾಗುವುದು ಯಾವಾಗ? ನಮ್ಮ ಎತ್ತರದಲ್ಲಿ, ಮಧ್ಯಾಹ್ನದ ನೆರಳಿನಲ್ಲಿ, ದೊಡ್ಡ ಎಸಳು ಹಾಕಿ ನಾನು ಈ ಸಲ ನೆಡುತ್ತೇನೆ. ಫಲಿತಾಂಶ ಏನೇ ಬರಲಿ ಫೋಟೋ ಸಮೇತ ಹಾಕುತ್ತೇನೆ.

ಶಹಾಪುರ ಮಾಸ್ತರ
ನೆಡಿ, ನಾನು ಬೇಡ ಅಂದಿಲ್ಲ. ಒಂದು ಕೋರಿಕೆ. ಪಕ್ಕದ ಮಡಿಯಲ್ಲಿ ಫ್ರಿಜ್‌ನಲ್ಲಿಡದ ಎಸಳನ್ನೂ ಅದೇ ದಿನ ನೆಡಿ. ಆಗ ಮಾತ್ರ ವ್ಯತ್ಯಾಸ ಫ್ರಿಜ್‌ನಿಂದ ಬಂತೋ, ಬೀದರ್ ಚಳಿಯಿಂದ ಬಂತೋ ಹೇಳಲು ಆಗುತ್ತದೆ.

ಬೀದರ್ ಕೆಮ್ಮಣ್ಣು
ಒಪ್ಪಿದೆ ಮಾಸ್ತರೇ.

ಚಿಂಚೋಳಿ ಹಿತ್ತಿಲು
ಗಡ್ಡೆ ಬಗ್ಗೆಯೇ ಮಾತಾಡುತ್ತಿದ್ದೇವೆ, ತಪ್ಪಲು, ಅಂದರೆ ಹಸಿ ಎಲೆ, ಮರೆತೆವು. ನಮ್ಮ ಭಾಗದಲ್ಲಿ ಹಾರ್ಡ್‌ನೆಕ್ ಬೆಳೆಯಲು ಕಾರಣ ಅಂತ ಇದ್ದರೆ ಅದು ತಪ್ಪಲೇ ಅನ್ನುತ್ತೇನೆ. ದಪ್ಪ ಎಸಳಿನಿಂದ ದಪ್ಪ ಗಿಡ. ಎಳ್ಳ ಅಮಾವಾಸ್ಯೆ ಹೊತ್ತಿಗೆ ಎಲೆ ಒಂದು ಅಡಿ ಬಂದಿರುತ್ತದೆ. ಕೆಲವು ಗಿಡವನ್ನು ಬುಡಸಮೇತ ಕಿತ್ತು, ಬಿಳಿ ಭಾಗ ಹಸಿರು ಭಾಗ ಎರಡನ್ನೂ ಸಣ್ಣಗೆ ಹೆಚ್ಚಿ ಭಜ್ಜಿಗೆ ಹಾಕಿ. ಹಸಿ ಕಡಲೆ, ತೊಗರಿ ಕಾಳು, ಮೆಂತ್ಯ ಸೊಪ್ಪಿನ ಜೊತೆ ಅದರ ಘಮವೇ ಬೇರೆ. ಸಜ್ಜೆ ರೊಟ್ಟಿ ಜೊತೆ ತಿಂದು ನೋಡಿ.

ಜೋಳದ ರೊಟ್ಟಿ
ಇದು ನನಗೆ ಬೇಕಾದ ಮಾತು. ಪುಂಡಿಪಲ್ಯಕ್ಕೂ ಹಾಕಬಹುದಾ?

ಚಿಂಚೋಳಿ ಹಿತ್ತಿಲು
ಇಳಿಸುವ ಮುಂಚೆ ಹಾಕಿ. ಮೊದಲೇ ಹಾಕಿದರೆ ಘಮ ಹೋಗುತ್ತದೆ.

ಹೊಸ ಕೈ, ಯಾದಗಿರಿ
ನಮ್ಮ ಮನೆಯಲ್ಲಿ ಸುಲಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಡಬ್ಬಿಯಲ್ಲಿ ಇಡುತ್ತೇವೆ. ಜಾಸ್ತಿ ಬೆಳೆದರೆ ಹಾಗೆ ಇಡಬಹುದಲ್ವಾ?

ಶಹಾಪುರ ಮಾಸ್ತರ
ಹೊರಗೆ ಇಡಬೇಡಿ. ಹಸಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿದರೆ ಗಾಳಿ ಸಿಗುವುದಿಲ್ಲ. ಅಂಥ ಕಡೆ ಬಾಟುಲಿಸಮ್ ಅನ್ನುವ, ಜೀವಕ್ಕೇ ಕುತ್ತು ತರುವ ವಿಷ ಹುಟ್ಟುವ ಅಪಾಯ ಇದೆ. ವಾಸನೆ, ಬಣ್ಣ ಏನೂ ಬದಲಾಗುವುದಿಲ್ಲ, ಅದಕ್ಕೇ ಭಯ. ಮಾಡಲೇಬೇಕಾದರೆ ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ಗಡ್ಡೆಯನ್ನು ಒಣಗಿಸಿ ಇಡುವುದೇ ಒಳ್ಳೆಯದು. ಕೆಳಗಿನ ಎಲೆ ಅರ್ಧದಷ್ಟು ಒಣಗಿದಾಗ ಕೀಳಿ, ಅದಕ್ಕೂ ಎರಡು ವಾರ ಮುಂಚೆ ನೀರು ನಿಲ್ಲಿಸಿ. ಎಲೆ ಕತ್ತರಿಸದೆ ಕಟ್ಟು ಕಟ್ಟಿ ನೆರಳಲ್ಲಿ, ಗಾಳಿ ಆಡುವ ಕಡೆ ತೂಗುಹಾಕಿ. ಬಿಸಿಲಿಗೆ ಹರಡಿದರೆ ನಮ್ಮ ಮಾರ್ಚ್ ಬಿಸಿಲಲ್ಲಿ ಬೆಂದೇಹೋಗುತ್ತದೆ.

ಹೊಸ ಕೈ, ಯಾದಗಿರಿ
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಇವತ್ತೇ ಮನೆಯಲ್ಲಿ ಹೇಳುತ್ತೇನೆ ಮಾಸ್ತರೇ.

ಇನ್ನೊಂದು ಪ್ರಶ್ನೆ. ಅಡುಗೆಮನೆಯಲ್ಲಿ ಈಗಲೇ ಮೊಳೆತ ಬೆಳ್ಳುಳ್ಳಿ ಇದೆ, ಮಾಮೂಲಿ ಮಾರ್ಕೆಟ್‌ದು. ಬರೀ ತಪ್ಪಲಿಗೆ ಅಂತ ಈಗಲೇ ಕುಂಡದಲ್ಲಿ ಹಾಕಬಹುದಾ, ನವೆಂಬರ್‌ವರೆಗೂ ಕಾಯಬೇಕಾ?

ಸುರಪುರ ಅಕ್ಕ
ಈಗಲೇ ಹಾಕು ತಮ್ಮಾ. ತಪ್ಪಲಿಗೆ ಚಳಿಯೂ ಬೇಡ, ಅಂತರವೂ ಬೇಡ, ಎಸಳು ಒತ್ತೊತ್ತಾಗಿ ಇಟ್ಟರೂ ನಡೆಯುತ್ತದೆ. ಮಳೆ ಇನ್ನೂ ಇದೆ, ಕುಂಡವನ್ನು ಸೂರಿನ ಕೆಳಗೆ ಇಡು. ಎಲೆ ಗೇಣುದ್ದ ಬಂದಾಗ ಬುಡದಿಂದ ಎರಡು ಬೆರಳು ಬಿಟ್ಟು ಕತ್ತರಿಸು, ಇನ್ನೊಮ್ಮೆ ಚಿಗುರುತ್ತದೆ. ಮೂರನೇ ಸಲ ಎಲೆ ತೆಳ್ಳಗಾಗುತ್ತದೆ, ಆಗ ಕಿತ್ತು ಹೊಸ ಎಸಳು ಹಾಕು.